ಬೇಸಿಗೆಯ ಮಹಾಸರೋವರಗಳಲ್ಲಿ ಸಾಲ್ಮನ್ ಮತ್ತು ವಾಲ್‌ಐ ಟ್ರೋಲಿಂಗ್: ಒಂದು ಸಮಗ್ರ ಮಾರ್ಗದರ್ಶಿ

ಉತ್ತರ ಅಮೆರಿಕದ ಮಹಾಸರೋವರಗಳಲ್ಲಿ ಬೇಸಿಗೆಯ ಮೀನು ಹಿಡಿಯಲು ಹೊರಡುವವರು ಹೆಚ್ಚಿನ ಹಣ ಮತ್ತು ಸಮಯವನ್ನು ವ್ಯಯಿಸುವುದು ಕೃತಕ ಎರೆಗಳ ಬಣ್ಣ ಆರಿಸುವುದರಲ್ಲಿ. ಹಸಿರು ಸ್ಪೂನ್ (ಚಮಚದಾಕಾರದ ಲೋಹದ ಎರೆ) ಒಳ್ಳೆಯದೋ ಬೆಳ್ಳಿಯದೋ ಎಂಬ ಚರ್ಚೆ ದಡದಲ್ಲಿಯೇ ಶುರುವಾಗಿ ದೋಣಿಯಲ್ಲಿಯೂ ಮುಂದುವರಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಕ್ರಮವೇ ತಲೆಕೆಳಗು. ಜೂನ್ ಕೊನೆಯಿಂದ ಸೆಪ್ಟೆಂಬರ್ ಆರಂಭದವರೆಗೆ ಈ ನೀರಿನಲ್ಲಿ ಮೊದಲು ನೋಡಬೇಕಾದದ್ದು ಉಷ್ಣಾಂಶ, ಎರಡನೆಯದು ಎರೆ ನಿಜವಾಗಿ ಎಷ್ಟು ಆಳದಲ್ಲಿದೆ ಎಂಬುದು, ಮೂರನೆಯದು ಅದು ಆ ಆಳದಲ್ಲಿ ಯಾವ ವೇಗದಲ್ಲಿ ಸಾಗುತ್ತಿದೆ ಎಂಬುದು. ಬಣ್ಣದ ಸರದಿ ಕೊನೆಗೆ. ಮುಂದಿನ ಹಂತಗಳೆಲ್ಲವೂ ಈ ಕ್ರಮದಲ್ಲಿಯೇ ಇವೆ.

ಟ್ರೋಲಿಂಗ್ ಎಂದರೆ ನಿಧಾನವಾಗಿ ಚಲಿಸುವ ದೋಣಿಯ ಹಿಂದೆ ಗಾಳದ ದಾರಗಳನ್ನು ಬಿಟ್ಟು, ಒಂದೊಂದನ್ನೂ ಬೇರೆ ಬೇರೆ ಆಳದಲ್ಲಿ ಎಳೆದುಕೊಂಡು ಹೋಗುವ ವಿಧಾನ. ನಮ್ಮ ಮಲ್ಪೆ, ಮಂಗಳೂರು ಬಂದರುಗಳ ಟ್ರಾಲ್ ದೋಣಿಗಳು ಬಲೆ ಎಳೆಯುವ ಕಸುಬಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಬಲೆಯಿಲ್ಲ; ಒಂದು ದಾರಕ್ಕೆ ಒಂದು ಎರೆ, ಒಂದು ಮೀನು. ಡೆಟ್ರಾಯಿಟ್, ಷಿಕಾಗೊ, ಮಿಲ್ವಾಕಿ, ಕ್ಲೀವ್‌ಲ್ಯಾಂಡ್, ಟೊರಾಂಟೊ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಈ ಸರೋವರಗಳು ಮನೆಯಿಂದ ಹೆಚ್ಚು ದೂರವಿಲ್ಲದ ಕಾರಣ, ವಾರಾಂತ್ಯದಲ್ಲಿ ಇದನ್ನು ಕಲಿಯಲು ಬಯಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಅಲ್ಲಿನ ಉಪಕರಣಗಳೆಲ್ಲ ಅಡಿ, ಮೈಲಿ ಮತ್ತು ಫ್ಯಾರನ್‌ಹೀಟ್ ತೋರಿಸುವುದರಿಂದ ಆ ಅಳತೆಗಳನ್ನೇ ಮುಖ್ಯವಾಗಿ ಬಳಸಿದ್ದೇನೆ.

ಎರಡು ಮೀನು, ಎರಡು ಬಗೆಯ ನೀರು

ಸಾಲ್ಮನ್ ಮಿಷಿಗನ್ ಸರೋವರದ ಮೂಲನಿವಾಸಿಯಲ್ಲ. ಸಮುದ್ರದಿಂದ ಕಾಲುವೆಗಳ ಮೂಲಕ ನುಗ್ಗಿದ ಏಲ್‌ವೈಫ್ ಎಂಬ ಸಣ್ಣ ಮೀನು, ಅದನ್ನು ತಿನ್ನುವ ದೊಡ್ಡ ಮೀನುಗಳು ಕ್ಷೀಣಿಸಿದ್ದರಿಂದ, ಮಿಷಿಗನ್ ಸರೋವರದಲ್ಲಿ ಮಿತಿಮೀರಿ ಬೆಳೆದಿತ್ತು. 1967ರಲ್ಲಿ ಅದು ರಾಶಿರಾಶಿಯಾಗಿ ಸತ್ತು ದಡಗಳಲ್ಲಿ ಕೊಳೆಯಿತು. ಅದಕ್ಕೆ ಒಂದು ವರ್ಷ ಮೊದಲೇ, 1966ರಲ್ಲಿ, ಮಿಷಿಗನ್ ರಾಜ್ಯದ ಮೀನುಗಾರಿಕೆ ಮುಖ್ಯಸ್ಥರಾಗಿದ್ದ ಹೊವಾರ್ಡ್ ಟ್ಯಾನರ್ ಅವರು ಪೆಸಿಫಿಕ್ ತೀರದ ಕೋಹೊ ಸಾಲ್ಮನ್ ಮರಿಗಳನ್ನು ಪ್ಲ್ಯಾಟ್ ನದಿಗೆ ಬಿಡಿಸಿದ್ದರು. ಮರುವರ್ಷ ಷಿನೂಕ್ ಸಾಲ್ಮನ್ ಬಂತು. ಇಂದು ಜನ ಕಿಂಗ್ ಎಂದು ಕರೆಯುವುದು ಈ ಷಿನೂಕನ್ನೇ. 2021ರಲ್ಲಿ ಲಡಿಂಗ್ಟನ್ ಬಳಿ ಸಿಕ್ಕ 47.86 ಪೌಂಡಿನ ಷಿನೂಕ್ ಮಿಷಿಗನ್ ರಾಜ್ಯದ ದಾಖಲೆಯಾಯಿತು. ಈ ಇತಿಹಾಸ ಮೀನುಗಾರನಿಗೆ ಏಕೆ ಬೇಕೆಂದರೆ, ಷಿನೂಕ್ ಇಂದಿಗೂ ಮುಖ್ಯವಾಗಿ ಏಲ್‌ವೈಫನ್ನೇ ಅವಲಂಬಿಸಿದೆ. ಏಲ್‌ವೈಫ್ ಗುಂಪು ಎಲ್ಲಿದೆಯೋ ಅದರ ಕೆಳಗಿನ ತಣ್ಣೀರಿನಲ್ಲಿ ಸಾಲ್ಮನ್ ಇರುತ್ತದೆ.

ವಾಲ್‌ಐ ಇಲ್ಲಿನದೇ ಮೀನು. ಅದರ ರಾಜಧಾನಿ ಈರಿ ಸರೋವರ. ಮಿಷಿಗನ್ ಸರೋವರದ ಗರಿಷ್ಠ ಆಳ 923 ಅಡಿ. ಈರಿಯ ಗರಿಷ್ಠ ಆಳ 210 ಅಡಿ ಮಾತ್ರ. ಅದರಲ್ಲೂ ಈರಿಯ ಪಶ್ಚಿಮ ಭಾಗದ ಸರಾಸರಿ ಆಳ ಸುಮಾರು 24 ಅಡಿ, ಮಧ್ಯ ಭಾಗದ್ದು ಸುಮಾರು 60 ಅಡಿ. ವಾಲ್‌ಐ ಮಾರ್ಚ್–ಏಪ್ರಿಲ್‌ನಲ್ಲಿ ಮಾಮೀ, ಸ್ಯಾಂಡಸ್ಕಿ ನದಿಗಳಲ್ಲಿಯೂ ಪಶ್ಚಿಮ ಭಾಗದ ಕಲ್ಲುದಿಬ್ಬಗಳ ಮೇಲೂ ಮೊಟ್ಟೆಯಿಟ್ಟು, ನೀರು ಬೆಚ್ಚಗಾಗುತ್ತಿದ್ದಂತೆ ದೊಡ್ಡ ಮೀನುಗಳು ಪೂರ್ವದ ಕಡೆಗೆ ವಲಸೆ ಹೋಗುತ್ತವೆ. ಆದ್ದರಿಂದ ಜೂನ್‌ನಲ್ಲಿ ಪಶ್ಚಿಮ ಭಾಗದ ಪೋರ್ಟ್ ಕ್ಲಿಂಟನ್ ಬಂದರಿನ ಎದುರು ಸಿಗುವ ಮೀನನ್ನು ಆಗಸ್ಟ್‌ನಲ್ಲಿಯೂ ಅಲ್ಲಿಯೇ ಹುಡುಕುವುದು ವ್ಯರ್ಥ. ಆ ಹೊತ್ತಿಗೆ ಫೇರ್‌ಪೋರ್ಟ್, ಆಷ್ಟಬ್ಯೂಲ, ಕಾನಿಯಟ್ ಮೊದಲಾದ ಮಧ್ಯ ಭಾಗದ ಬಂದರುಗಳೇ ಸರಿಯಾದ ಆಯ್ಕೆ. 2015 ಮತ್ತು 2018ರಲ್ಲಿ ಹುಟ್ಟಿದ ಮರಿಗಳ ಸಂಖ್ಯೆ ಅಸಾಧಾರಣವಾಗಿದ್ದುದರಿಂದ ಈಚಿನ ವರ್ಷಗಳಲ್ಲಿ ಈರಿಯ ಮೀನುಗಾರರು ಒಳ್ಳೆಯ ಕಾಲವನ್ನೇ ಕಂಡಿದ್ದಾರೆ.

ಹಂತ 1: ಲೈಸೆನ್ಸ್, ಗಾಳಿ ಮತ್ತು ಜೀವರಕ್ಷಣೆ

ಪ್ರತಿ ರಾಜ್ಯಕ್ಕೂ ಪ್ರತ್ಯೇಕ ಲೈಸೆನ್ಸ್ ಬೇಕು. ದರವನ್ನು ನಿರ್ಧರಿಸುವುದು ಪೌರತ್ವವಲ್ಲ, ನೀವು ಆ ರಾಜ್ಯದ ನಿವಾಸಿಯೇ ಅಲ್ಲವೇ ಎಂಬುದು. ವಿಸ್ಕಾನ್ಸಿನ್‌ನಲ್ಲಿ ಸಾಲ್ಮನ್ ಹಿಡಿಯಲು ಲೈಸೆನ್ಸ್ ಜೊತೆಗೆ ಮಹಾಸರೋವರದ ಟ್ರೌಟ್–ಸಾಲ್ಮನ್ ಸ್ಟ್ಯಾಂಪ್ (ಹೆಚ್ಚುವರಿ ಪರವಾನಗಿ) ಕೂಡ ಕಡ್ಡಾಯ. ಒಬ್ಬರು ಎಷ್ಟು ದಾರ ಬಿಡಬಹುದು ಎಂಬುದೂ ರಾಜ್ಯಕ್ಕೆ ತಕ್ಕಂತೆ ಬದಲಾಗುತ್ತದೆ, ಮಿಷಿಗನ್‌ನಲ್ಲಿ ಮೂರು. ದಿನಕ್ಕೆ ಎಷ್ಟು ಮೀನು, ಕನಿಷ್ಠ ಉದ್ದ ಎಷ್ಟು ಎಂಬ ನಿಯಮಗಳನ್ನು ಆಯಾ ವರ್ಷದ ಅಧಿಕೃತ ಪುಸ್ತಿಕೆಯಲ್ಲಿಯೇ ನೋಡಿಕೊಳ್ಳಬೇಕು. ಈರಿಯಲ್ಲಿ ಅಮೆರಿಕ–ಕೆನಡಾ ಗಡಿ ಸರೋವರದ ನಡುವೆಯೇ ಹಾದುಹೋಗುತ್ತದೆ. ಗೆರೆ ದಾಟಿ ಗಾಳ ಹಾಕಬೇಕಾದರೆ ಒಂಟಾರಿಯೊ ಲೈಸೆನ್ಸ್ ಇರಲೇಬೇಕು. ಜಿಪಿಎಸ್ ನಕ್ಷೆಯಲ್ಲಿ ಆ ಗೆರೆ ಕಾಣುವಂತೆ ಇಟ್ಟುಕೊಳ್ಳಿ.

ಇವು ಹೆಸರಿಗೆ ಸರೋವರಗಳು, ನಡತೆಯಲ್ಲಿ ಕಡಲು. ಈರಿ ಆಳವಿಲ್ಲದ ಕಾರಣ ಅದರ ಅಲೆಗಳು ಒತ್ತೊತ್ತಾಗಿ, ಕಡಿದಾಗಿ ಏಳುತ್ತವೆ. ಬೆಳಿಗ್ಗೆ ಶಾಂತವಾಗಿದ್ದ ನೀರು ಗಾಳಿ ತಿರುಗಿದ ಕೂಡಲೇ ಸಣ್ಣ ದೋಣಿಗೆ ಅಪಾಯಕಾರಿಯಾಗಬಲ್ಲದು. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಪ್ರಕಟಿಸುವ ದಡದ ಸಮೀಪದ ಜಲಪ್ರದೇಶದ ಮುನ್ಸೂಚನೆಯನ್ನು ಹಿಂದಿನ ರಾತ್ರಿಯೂ ಹೊರಡುವ ಮುಂಚೆಯೂ ಓದಬೇಕು. ವಿಎಚ್‌ಎಫ್ ರೇಡಿಯೊ ತುರ್ತು ಕರೆಗಳ 16ನೇ ಚಾನೆಲ್‌ನಲ್ಲಿ ಸದಾ ತೆರೆದಿರಲಿ. ಜೀವರಕ್ಷಕ ಜಾಕೆಟ್ಟನ್ನು ದೋಣಿಯ ಪೆಟ್ಟಿಗೆಯಲ್ಲಿ ಇಡುವುದಲ್ಲ, ಮೈಮೇಲೆ ಧರಿಸಬೇಕು: ಗಾಳಿಯಿಂದ ಅಡಿನೀರು ಮೇಲೆದ್ದ ದಿನ ಆಗಸ್ಟ್‌ನಲ್ಲಿಯೂ ದಡದ ಬಳಿಯ ನೀರು 50 ಡಿಗ್ರಿ ಫ್ಯಾರನ್‌ಹೀಟ್‌ನ ಹತ್ತಿರಕ್ಕೆ ಇಳಿಯಬಹುದು, ಅಂಥ ನೀರಿಗೆ ಬಿದ್ದವರಿಗೆ ಮೊದಲ ನಿಮಿಷದಲ್ಲಿ ಉಸಿರೇ ಹಿಡಿತಕ್ಕೆ ಸಿಗುವುದಿಲ್ಲ. ಹೊಸಬರು ಮೊದಲ ಸಲ ಸ್ಥಳೀಯ ಚಾರ್ಟರ್ ದೋಣಿಯಲ್ಲಿ ಹೋಗುವುದು ಒಳ್ಳೆಯದು. ಕೊಡುವ ಹಣ ಮೀನಿಗಷ್ಟೇ ಅಲ್ಲ, ಕ್ಯಾಪ್ಟನ್ ದಾರ ಬಿಡುವ ಕ್ರಮವನ್ನು ಪಕ್ಕದಲ್ಲಿ ನಿಂತು ನೋಡುವುದಕ್ಕೆ ಎಂದು ತಿಳಿಯಿರಿ.

ಹಂತ 2: ತಣ್ಣೀರಿನ ಪದರವನ್ನು ಪತ್ತೆಹಚ್ಚುವುದು

ಇಡೀ ಮಾರ್ಗದರ್ಶಿಯಲ್ಲಿ ಅತಿ ಮುಖ್ಯವಾದ ಹಂತ ಇದು. ನೀರು ಅತಿ ಹೆಚ್ಚು ಸಾಂದ್ರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬೇಸಿಗೆಯ ಬಿಸಿಲು ಮೇಲಿನ ನೀರನ್ನು ಕಾಯಿಸಿದಾಗ ಅದು ಹಗುರವಾಗಿ, ಹಾಲಿನ ಮೇಲೆ ಕೆನೆ ನಿಂತಂತೆ, ಕೆಳಗಿನ ತಣ್ಣೀರಿನ ಮೇಲೆಯೇ ನಿಲ್ಲುತ್ತದೆ. ಮೇಲಿನ ಬೆಚ್ಚನೆಯ ಪದರಕ್ಕೂ ಕೆಳಗಿನ ತಣ್ಣನೆಯ ಪದರಕ್ಕೂ ನಡುವೆ, ಕೆಲವೇ ಅಡಿಗಳ ಅಂತರದಲ್ಲಿ ಉಷ್ಣಾಂಶ ಥಟ್ಟನೆ ಇಳಿಯುವ ವಲಯವೊಂದು ಇರುತ್ತದೆ. ಅದೇ ಥರ್ಮೋಕ್ಲೈನ್. ಮೇಲ್ಮೈ 70 ಡಿಗ್ರಿ ಇರುವಾಗ ಈ ವಲಯದ ಕೆಳಗೆ 45 ಡಿಗ್ರಿ ಇರುವುದು ಸಾಮಾನ್ಯ.

ಷಿನೂಕ್ ಮೀನಿಗೆ ಹಿತವಾದ ನೀರು ಸುಮಾರು 45ರಿಂದ 54 ಡಿಗ್ರಿ, ಅಂದರೆ 7ರಿಂದ 12 ಸೆಲ್ಸಿಯಸ್. ಕೋಹೊ ಈ ವ್ಯಾಪ್ತಿಯ ಮೇಲಿನ ತುದಿಯಲ್ಲಿ, ಸ್ಟೀಲ್‌ಹೆಡ್ ಟ್ರೌಟ್ ಇನ್ನೂ ಬೆಚ್ಚನೆಯ 55–60ರಲ್ಲಿ, ಲೇಕ್ ಟ್ರೌಟ್ ಎಲ್ಲಕ್ಕಿಂತ ತಣ್ಣಗಿನ ಅಡಿನೀರಿನಲ್ಲಿ ಇರುತ್ತವೆ. ಆದ್ದರಿಂದ ಒಂದೇ ಜಾಗದಲ್ಲಿ ಒಂದರ ಕೆಳಗೊಂದು ಮೂರು ನಾಲ್ಕು ಜಾತಿಯ ಮೀನು ಸಿಗುವುದುಂಟು. ವಾಲ್‌ಐ 65–70 ಡಿಗ್ರಿಯ ನೀರನ್ನೂ ಸಲೀಸಾಗಿ ಸಹಿಸುತ್ತದೆ.

ಈರಿಯ ಮಧ್ಯ ಭಾಗದಲ್ಲಿ ಒಂದು ವಿಶೇಷವಿದೆ, ಇದನ್ನು ಮರೆತರೆ ದಿನವಿಡೀ ಖಾಲಿ ಕೈ. ಅಲ್ಲಿ ಥರ್ಮೋಕ್ಲೈನ್‌ನ ಕೆಳಗಿನ ತಣ್ಣೀರಿನ ಪದರ ತೆಳ್ಳಗಿರುತ್ತದೆ. ಮೇಲಿನಿಂದ ಉದುರಿದ ಪಾಚಿ ಅಲ್ಲಿ ಕೊಳೆಯುತ್ತಾ ಬೇಸಿಗೆಯ ಉತ್ತರಾರ್ಧದಲ್ಲಿ ಆಮ್ಲಜನಕವನ್ನೆಲ್ಲ ಬಳಸಿಕೊಳ್ಳುತ್ತದೆ. ಆ ನೀರಿನಲ್ಲಿ ಮೀನು ಉಳಿಯಲಾರದು. ಆದ್ದರಿಂದ ಮಿಷಿಗನ್ ಸರೋವರದಲ್ಲಿ ಥರ್ಮೋಕ್ಲೈನ್‌ನ ಒಳಗೂ ಕೆಳಗೂ ಎರೆ ಇಳಿಸಬೇಕಾದರೆ, ಆಗಸ್ಟ್‌ನ ಈರಿಯಲ್ಲಿ ಅದರ ಮೇಲೆಯೇ ಎರೆ ಇರಿಸಬೇಕು.

ಪತ್ತೆ ಹಚ್ಚುವುದು ಹೇಗೆ? ಮನೆಯಲ್ಲಿದ್ದಾಗಲೇ ಕೆಲಸ ಆರಂಭಿಸಬಹುದು. ಆನ್ ಆರ್ಬರ್‌ನಲ್ಲಿರುವ ನೋವಾ ಎಂಬ ಅಮೆರಿಕದ ಸಾಗರ–ವಾತಾವರಣ ಸಂಸ್ಥೆಯ ಮಹಾಸರೋವರ ಪ್ರಯೋಗಾಲಯ ಉಪಗ್ರಹದಿಂದ ಪಡೆದ ಮೇಲ್ಮೈ ಉಷ್ಣಾಂಶದ ನಕ್ಷೆಗಳನ್ನು ಪ್ರತಿದಿನ ಪ್ರಕಟಿಸುತ್ತದೆ. ದಡದ ಬಳಿಯ ಕೆಲವು ತೇಲು ಬಾಯ್‌ಗಳು (ಲಂಗರು ಹಾಕಿದ ಮಾಪನ ಸಾಧನಗಳು) ಹಲವು ಆಳಗಳ ಉಷ್ಣಾಂಶವನ್ನೂ ತಿಳಿಸುತ್ತವೆ. ಅನಂತರ ಹಿಂದಿನ ಎರಡು ಮೂರು ದಿನದ ಗಾಳಿಯ ದಿಕ್ಕನ್ನು ನೋಡಿ. ಭೂಮಿಯ ತಿರುಗುವಿಕೆಯಿಂದಾಗಿ ಉತ್ತರಾರ್ಧಗೋಳದಲ್ಲಿ ಮೇಲಿನ ನೀರು ಗಾಳಿ ಬೀಸುವ ದಿಕ್ಕಿಗೆ ಬಲಕ್ಕೆ ಸರಿಯುತ್ತದೆ. ಮಿಷಿಗನ್ ಸರೋವರದ ಮೇಲೆ ದಕ್ಷಿಣದ ಗಾಳಿ ದಿನಗಟ್ಟಲೆ ಬೀಸಿದರೆ ಬೆಚ್ಚನೆಯ ನೀರು ಪೂರ್ವಕ್ಕೆ ಸರಿದು, ವಿಸ್ಕಾನ್ಸಿನ್ ಕಡೆಯ ದಡದಲ್ಲಿ ಅಡಿಯ ತಣ್ಣೀರು ಮೇಲೇಳುತ್ತದೆ. ಉತ್ತರದ ಗಾಳಿ ಬೀಸಿದರೆ ಮಿಷಿಗನ್ ಕಡೆಯ ದಡದಲ್ಲಿ ಹಾಗಾಗುತ್ತದೆ. ಒಂಟಾರಿಯೊ ಸರೋವರದ ದಕ್ಷಿಣ ದಡದಲ್ಲಿರುವ ಓಲ್ಕಟ್, ಆಸ್ವಿಗೊ ಬಂದರುಗಳವರಿಗೆ ಪೂರ್ವದ ಗಾಳಿ ಇದೇ ಕೆಲಸ ಮಾಡಿಕೊಡುತ್ತದೆ. ಹೀಗೆ ತಣ್ಣೀರು ದಡಕ್ಕೆ ಬಂದ ದಿನ ಷಿನೂಕ್ ಬಂದರಿನ ಬಾಯಿಯ 40 ಅಡಿ ನೀರಿನಲ್ಲಿಯೇ ಸಿಗಬಹುದು. ಗಾಳಿ ತಿರುಗಿದರೆ ಅದೇ ಮೀನಿಗಾಗಿ 200 ಅಡಿ ಆಳದ ನೀರಿನ ಮೇಲೆ ಹೋಗಿ 90 ಅಡಿ ಕೆಳಗೆ ಎರೆ ಇಳಿಸಬೇಕಾಗಬಹುದು. ನಿನ್ನೆ ಮೀನು ಸಿಕ್ಕ ಆಳವನ್ನು ಕೇಳಿಕೊಂಡು ಹೊರಡುವವರು ಮೋಸಹೋಗುವುದು ಇಲ್ಲಿಯೇ.

ನೀರಿಗಿಳಿದ ಮೇಲೆ ಸೋನಾರ್‌ನ ಸೂಕ್ಷ್ಮತೆಯನ್ನು ಹೆಚ್ಚಿಸಿದರೆ ಥರ್ಮೋಕ್ಲೈನ್ ಪರದೆಯ ಮೇಲೆ ಮಸುಕಾದ ಅಡ್ಡಪಟ್ಟಿಯಾಗಿ ಕಾಣಿಸುತ್ತದೆ. ಇನ್ನೂ ಖಚಿತವಾದ ಮಾರ್ಗವೆಂದರೆ ಡೌನ್‌ರಿಗ್ಗರ್ (ಎರೆಯನ್ನು ಆಳಕ್ಕೆ ಇಳಿಸುವ ಸಾಧನ, ವಿವರ ಹಂತ 4ರಲ್ಲಿ) ಗುಂಡಿನ ಬಳಿ ಕಟ್ಟುವ, ಅಲ್ಲಿನ ಉಷ್ಣಾಂಶ ಮತ್ತು ವೇಗವನ್ನು ಅಳೆಯುವ ಪ್ರೋಬ್. ಬೆಲೆ ಕಡಿಮೆಯೇನಲ್ಲ, ಆದರೂ ಒಂದೇ ಒಂದು ದುಬಾರಿ ಸಾಧನ ಕೊಳ್ಳುವ ಅವಕಾಶವಿದ್ದರೆ ನಾನು ಇದನ್ನೇ ಸೂಚಿಸುತ್ತೇನೆ.

ಹಂತ 3: ಕೋಲು, ರೀಲು, ದಾರ

ಎಂಟರಿಂದ ಒಂಬತ್ತು ಅಡಿಯ, ನಡುವಿನವರೆಗೂ ಬಾಗುವ ಮೃದು ಸ್ವಭಾವದ ಕೋಲು ಸಾಕು. ರೀಲು ಮಾತ್ರ ಹೊರಗೆ ಹೋದ ದಾರದ ಉದ್ದವನ್ನು ಅಡಿಗಳಲ್ಲಿ ತೋರಿಸುವ ಲೈನ್‌ಕೌಂಟರ್ ರೀಲೇ ಆಗಿರಬೇಕು, ಏಕೆಂದರೆ ಟ್ರೋಲಿಂಗ್‌ನ ಯಶಸ್ಸೆಲ್ಲ ಒಮ್ಮೆ ಫಲಿಸಿದ್ದನ್ನು ಅಷ್ಟೇ ನಿಖರವಾಗಿ ಮತ್ತೆ ಮಾಡುವುದರಲ್ಲಿದೆ. ರೀಲಿನ ತುಂಬ ದಾರ ಸುತ್ತಿದ್ದರೆ ಮಾತ್ರ ಆ ಲೆಕ್ಕ ಸರಿಯಾಗಿರುತ್ತದೆ. ಅರ್ಧ ಖಾಲಿಯಾದ ರೀಲು ಇರುವುದಕ್ಕಿಂತ ಹೆಚ್ಚು ಉದ್ದ ತೋರಿಸುತ್ತದೆ.

ದಾರದ ವಿಷಯದಲ್ಲಿ ಬೇಸಿಗೆಗೆ ಒಂದು ವಿಶೇಷ ತೊಡಕು ಉಂಟು. 1980ರ ದಶಕದಲ್ಲಿ ಈ ಸರೋವರಗಳಿಗೆ ಬಂದು ಸೇರಿದ ಮುಳ್ಳುಬಾಲದ ನೀರುಚಿಗಟಗಳು ಜುಲೈ ವೇಳೆಗೆ ಹೇರಳವಾಗುತ್ತವೆ. ಅವುಗಳ ಉದ್ದನೆಯ ಬಾಲ ತೆಳುವಾದ ದಾರಕ್ಕೆ ಸಿಕ್ಕಿಕೊಂಡು, ದಾರ ಎಳೆಯುತ್ತಿದ್ದಂತೆ ಒದ್ದೆ ಹತ್ತಿಯಂಥ ಬೂದು ಉಂಡೆಯಾಗಿ ಕೋಲಿನ ತುದಿಯ ಉಂಗುರದಲ್ಲಿ ಜಮಾಯಿಸುತ್ತವೆ. ಉಂಗುರ ಕಟ್ಟಿಕೊಂಡು ದಾರ ನಿಂತುಬಿಡುತ್ತದೆ, ಅದೂ ದೊಡ್ಡ ಮೀನು ಹತ್ತಿರ ಬಂದಾಗಲೇ. ಡೌನ್‌ರಿಗ್ಗರ್ ಕೋಲುಗಳಿಗೆ 30 ಪೌಂಡ್ ಎಳೆತ ತಡೆಯುವ, ಒಂಟಿ ಎಳೆಯ ದಪ್ಪ ಮಾನೋ ದಾರ ಬಳಸಿದರೆ ಈ ಕಾಟ ಬಹಳ ಕಡಿಮೆಯಾಗುತ್ತದೆ. ಆದರೂ ಕಟ್ಟಿಕೊಂಡರೆ ದಾರವನ್ನು ವೀಣೆಯ ತಂತಿ ಮೀಟುವ ಹಾಗೆ ಬೆರಳಿನಿಂದ ಚಿಮ್ಮುತ್ತಾ, ಉಂಗುರವನ್ನು ನೀರಿನಲ್ಲಿ ಅದ್ದಿ ತೊಳೆಯಬೇಕು.

ಹಂತ 4: ಎರೆಯನ್ನು ಬೇಕಾದ ಆಳಕ್ಕೆ ಇಳಿಸುವುದು

ಡೌನ್‌ರಿಗ್ಗರ್ ಅತ್ಯಂತ ನಿಖರ ಸಾಧನ. ಹತ್ತರಿಂದ ಹನ್ನೆರಡು ಪೌಂಡ್ ತೂಕದ ಗುಂಡು ಉಕ್ಕಿನ ತಂತಿಯಲ್ಲಿ ಕೆಳಗಿಳಿಯುತ್ತದೆ. ಗಾಳದ ದಾರವನ್ನು ಗುಂಡಿನ ಬಳಿಯ ಕ್ಲಿಪ್ಪಿಗೆ ಕಚ್ಚಿಸಲಾಗುತ್ತದೆ. ಮೊದಲು ಎರೆಯನ್ನು ದೋಣಿಯ ಹಿಂದೆ ಇಪ್ಪತ್ತರಿಂದ ಐವತ್ತು ಅಡಿ ಬಿಡಿ, ಆಮೇಲೆ ಕ್ಲಿಪ್ಪಿಗೆ ಸಿಕ್ಕಿಸಿ, ಬಳಿಕ ಗುಂಡನ್ನು ನಿಧಾನವಾಗಿ ಇಳಿಸಿ, ಕೊನೆಗೆ ಕೋಲು ಬಿಲ್ಲಿನಂತೆ ಬಾಗುವವರೆಗೆ ದಾರವನ್ನು ಬಿಗಿಗೊಳಿಸಿ. ಮೀನು ಕಚ್ಚಿದಾಗ ಕ್ಲಿಪ್ ಬಿಟ್ಟುಕೊಂಡು ಕೋಲು ಕ್ಷಣಕಾಲ ನೆಟ್ಟಗಾಗಿ ಮತ್ತೆ ಕೆಳಕ್ಕೆ ಬಾಗುತ್ತದೆ. ಆ ಮಧ್ಯದ ಸಡಿಲನ್ನು ಬೇಗ ಸುತ್ತಿ ತೆಗೆಯಬೇಕು. ಚಲಿಸುವಾಗ ತಂತಿ ಹಿಂದಕ್ಕೆ ವಾಲುವುದರಿಂದ ಕೌಂಟರ್ 80 ಎಂದರೂ ಗುಂಡು 80 ಅಡಿಯಲ್ಲಿ ಇರುವುದಿಲ್ಲ, ಅದಕ್ಕಿಂತ ಮೇಲಿರುತ್ತದೆ. ವಾಲುವಿಕೆ ಹೆಚ್ಚಾದಷ್ಟೂ ಈ ವ್ಯತ್ಯಾಸ ಹೆಚ್ಚುತ್ತದೆ.

ಡಿಪ್ಸಿ ಡೈವರ್ ಎಂಬುದು ನೀರಿನ ಒತ್ತಡದಿಂದಲೇ ಕೆಳಕ್ಕೂ ಪಕ್ಕಕ್ಕೂ ಸರಿಯುವ ಬಿಲ್ಲೆ. ಅದರ ಕೆಳಗಿನ ತಟ್ಟೆಯನ್ನು ಸೊನ್ನೆಗೆ ಇಟ್ಟರೆ ನೇರ ಕೆಳಗೆ ಹೋಗುತ್ತದೆ. ಮೂರಕ್ಕೆ ಇಟ್ಟರೆ ದೋಣಿಯಿಂದ ಅತಿ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ, ಆದರೆ ಆಳ ಕಡಿಮೆಯಾಗುತ್ತದೆ. ಸ್ಥೂಲವಾಗಿ ಹೇಳುವುದಾದರೆ ಎರಡರಿಂದ ಮೂರು ಅಡಿ ದಾರಕ್ಕೆ ಒಂದು ಅಡಿ ಆಳ ಸಿಗುತ್ತದೆ. ಡೌನ್‌ರಿಗ್ಗರ್ ಇಲ್ಲದ ಸಣ್ಣ ದೋಣಿಯವರು ಇದೊಂದರಿಂದಲೇ ಸಾಲ್ಮನ್ ಹಿಡಿಯಬಹುದು.

ಲೆಡ್‌ಕೋರ್ ಎಂದರೆ ಒಳಗೆ ಸೀಸದ ಎಳೆಯಿರುವ ದಾರ. ಪ್ರತಿ ಹತ್ತು ಗಜಕ್ಕೆ ಅದರ ಬಣ್ಣ ಬದಲಾಗುವುದರಿಂದ ಎಷ್ಟು ಬಣ್ಣ ಹೊರಗೆ ಹೋಯಿತು ಎಂದು ಎಣಿಸುತ್ತಾರೆ. ಗಂಟೆಗೆ ಎರಡು ಮೈಲಿ ವೇಗದ ಆಸುಪಾಸಿನಲ್ಲಿ ಒಂದು ಬಣ್ಣಕ್ಕೆ ಸುಮಾರು ಐದು ಅಡಿ ಆಳ. ವೇಗ ಹೆಚ್ಚಿದರೆ ಮೇಲೇರುತ್ತದೆ, ತಗ್ಗಿದರೆ ಇಳಿಯುತ್ತದೆ.

ವಾಲ್‌ಐಗೆ ಇಷ್ಟು ಭಾರ ಬೇಕಿಲ್ಲ. ಎರೆಯನ್ನು 50 ಅಡಿ ಬಿಟ್ಟು, ದಾರಕ್ಕೆ ಒಂದೆರಡು ಔನ್ಸಿನ ಕ್ಲಿಪ್ ತೂಕ ಸಿಕ್ಕಿಸಿ, ಮತ್ತೆ 50 ಅಡಿ ಬಿಡುವ ಪದ್ಧತಿ ಈರಿಯಲ್ಲಿ ಬಹಳ ಪ್ರಚಲಿತ, ಕಲಿಯುವುದಕ್ಕೂ ಸುಲಭ.

ಹಂತ 5: ದಾರಗಳನ್ನು ಹರಡುವ ಕ್ರಮ

ಪ್ಲೇನರ್ ಬೋರ್ಡ್ ಎಂಬ ತೇಲುವ ಹಲಗೆಯನ್ನು ದಾರಕ್ಕೆ ಸಿಕ್ಕಿಸಿದರೆ ಅದು ದಾರವನ್ನು ದೋಣಿಯಿಂದ ನೂರು ಅಡಿ ಅಥವಾ ಅದಕ್ಕಿಂತ ದೂರಕ್ಕೆ ಪಕ್ಕಕ್ಕೆ ಒಯ್ಯುತ್ತದೆ. 1980ರ ದಶಕದ ಕೊನೆಯಿಂದ ಜೀಬ್ರಾ ಚಿಪ್ಪುಜೀವಿಗಳೂ ಅವುಗಳ ಹಿಂದೆ ಬಂದ ಕ್ವಾಗಾ ಚಿಪ್ಪುಜೀವಿಗಳೂ ನೀರನ್ನು ಸೋಸಿ ತಿಳಿಯಾಗಿಸಿರುವುದರಿಂದ, ಮೇಲಿನ ನೀರಿನಲ್ಲಿರುವ ಮೀನು ದೋಣಿಯ ನೆರಳಿಗೂ ಸದ್ದಿಗೂ ಹೆದರಿ ಸರಿಯುತ್ತದೆ. ಹಾಗಾಗಿ ಬೋರ್ಡ್ ಇಂದು ಅನುಕೂಲಕ್ಕಿಂತ ಹೆಚ್ಚಾಗಿ ಅಗತ್ಯ.

ಹರಡುವ ನಿಯಮ ಸರಳ: ಅತಿ ಆಳದ ದಾರಗಳು ದೋಣಿಗೆ ಅತಿ ಹತ್ತಿರ, ಅತಿ ಮೇಲಿನವು ಅತಿ ದೂರ. ದೋಣಿಯ ಹಿಂದೆ ಡೌನ್‌ರಿಗ್ಗರ್‌ಗಳು, ಎರಡೂ ಪಕ್ಕಗಳಲ್ಲಿ ಡೈವರ್‌ಗಳು, ಅವುಗಳಾಚೆ ಬೋರ್ಡ್ ಮೇಲಿನ ಲೆಡ್‌ಕೋರ್‌ಗಳು. ಅವುಗಳಲ್ಲಿಯೂ ಹತ್ತು ಬಣ್ಣದ್ದು ಒಳಗೆ, ಐದು ಬಣ್ಣದ್ದು ಹೊರಗೆ. ಹೀಗಿದ್ದರೆ ಹೊರಗಿನ ದಾರಕ್ಕೆ ಸಿಕ್ಕ ಮೀನು ಹಿಂದಕ್ಕೆ ಜಾರಿ, ಒಳಗಿನ ದಾರಗಳ ಮೇಲಿನಿಂದ ಗೋಜಲಾಗದೆ ಬರುತ್ತದೆ. ಬಿಡುವಾಗ ಅತಿ ಹೊರಗಿನದನ್ನೇ ಮೊದಲು ಬಿಡಬೇಕು. ಇಬ್ಬರೇ ಇದ್ದರೆ ನಾಲ್ಕು ದಾರ ಸಾಕು. ಎಂಟು ದಾರ ಬಿಟ್ಟು ಅರ್ಧ ದಿನ ಗೋಜಲು ಬಿಡಿಸುವುದಕ್ಕಿಂತ ನಾಲ್ಕನ್ನು ಗಮನವಿಟ್ಟು ನೋಡಿಕೊಳ್ಳುವುದು ಲೇಸು.

ಮೊದಲ ದಾರಗಳನ್ನು ಬೇರೆ ಬೇರೆ ಆಳದಲ್ಲಿಡಿ: ಒಂದು ಥರ್ಮೋಕ್ಲೈನ್‌ನ ಮೇಲೆ, ಒಂದೆರಡು ಅದರೊಳಗೆ, ಒಂದು ಅದರ ಕೆಳಗೆ. ಬೆಳಕು ಹರಿಯುವ ಮುಂಚೆ ಷಿನೂಕ್ ಮೇಲಿರುತ್ತದೆ, ಬಿಸಿಲೇರಿದಂತೆ ಇಳಿಯುತ್ತದೆ. ಎರಡು ಮೀನು ಒಂದೇ ಆಳದಲ್ಲಿ ಸಿಕ್ಕರೆ ಇನ್ನೊಂದು ದಾರವನ್ನು ಅಲ್ಲಿಗೆ ಸರಿಸಿ. ಎಲ್ಲವನ್ನೂ ಅಲ್ಲ.

ವಾಲ್‌ಐಗೆ ಒಂದು ನಿಯಮ ತಪ್ಪದೆ ಪಾಲಿಸಿ: ಎರೆ ಮೀನಿನ ಮಟ್ಟದಲ್ಲಿರಲಿ ಅಥವಾ ಕೆಲವು ಅಡಿ ಮೇಲಿರಲಿ, ಕೆಳಗೆ ಎಂದೂ ಬೇಡ. ಅದರ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಪ್ರತಿಫಲಿಸುವ ಪದರವಿದ್ದು, ಮಸುಕು ಬೆಳಕಿನಲ್ಲಿ ಮೇಲೆ ಹಾದುಹೋಗುವ ಆಕಾರಗಳನ್ನು ಅದು ಚೆನ್ನಾಗಿ ಗುರುತಿಸಿ ಮೇಲೇರಿ ಕಚ್ಚುತ್ತದೆ. ಕೆಳಗಿಳಿದು ಬೇಟೆಯಾಡುವುದು ಅಪರೂಪ.

ಹಂತ 6: ವೇಗ ಮತ್ತು ತಿರುವು

ಸಾಲ್ಮನ್‌ಗೆ ಗಂಟೆಗೆ 2ರಿಂದ 3 ಮೈಲಿ, ಬಹುತೇಕ ದಿನಗಳಲ್ಲಿ 2.3ರಿಂದ 2.7. ವಾಲ್‌ಐಗೆ ಎರೆಹುಳು ಪೋಣಿಸಿದ ಹಾರ್ನೆಸ್ (ಕೊಕ್ಕೆಗಳ ಜೋಡಣೆ) ಆದರೆ 1ರಿಂದ 1.5, ಸ್ಪೂನ್ ಆದರೆ 1.8ರಿಂದ 2.5. ಹುಳುವನ್ನೂ ಸ್ಪೂನನ್ನೂ ಒಟ್ಟಿಗೆ ಎಳೆಯಲು ಹೋದರೆ ಎರಡರಲ್ಲಿ ಒಂದು ಕೆಲಸ ಮಾಡುವುದಿಲ್ಲ.

ಜಿಪಿಎಸ್ ತೋರಿಸುವುದು ನೆಲಕ್ಕೆ ಸಂಬಂಧಿಸಿದ ದೋಣಿಯ ವೇಗವನ್ನು, ಎರೆಯ ವೇಗವನ್ನಲ್ಲ. ದೊಡ್ಡ ಸರೋವರಗಳಲ್ಲಿ ಮೇಲ್ಮೈ ನೀರು ಒಂದು ದಿಕ್ಕಿಗೂ 70 ಅಡಿ ಕೆಳಗಿನ ನೀರು ಇನ್ನೊಂದು ದಿಕ್ಕಿಗೂ ಹರಿಯುತ್ತಿರುವುದು ಮಾಮೂಲು. ಉತ್ತರಕ್ಕೆ ಹೋಗುವಾಗ ಎಡೆಬಿಡದೆ ಕಚ್ಚಿದ ಮೀನು ದಕ್ಷಿಣಕ್ಕೆ ತಿರುಗಿದ ಕೂಡಲೇ ಮಾಯವಾಯಿತೆಂದರೆ ಕಾರಣ ಸಾಮಾನ್ಯವಾಗಿ ಇದೇ: ಅಡಿಯ ಪ್ರವಾಹದಿಂದ ಎರೆಯ ನಿಜವೇಗ ಬದಲಾಗಿರುತ್ತದೆ. ಪ್ರೋಬ್ ಇದ್ದವರು ಗುಂಡಿನ ಬಳಿಯ ವೇಗವನ್ನು ಓದಿ ಸರಿಪಡಿಸಿಕೊಳ್ಳಬಹುದು. ಇಲ್ಲದವರು ಡೌನ್‌ರಿಗ್ಗರ್ ತಂತಿಯ ವಾಲುವಿಕೆಯನ್ನು ಗಮನಿಸಲಿ. ಮೀನು ಕಚ್ಚಿದಾಗ ತಂತಿ ಎಷ್ಟು ವಾಲಿತ್ತೋ, ದಿಕ್ಕು ಬದಲಿಸಿದ ಮೇಲೆಯೂ ಅಷ್ಟೇ ವಾಲುವಂತೆ ಎಂಜಿನ್ ಹೊಂದಿಸಿದರೆ ಸಾಕು, ಜಿಪಿಎಸ್ ಏನೇ ಹೇಳಲಿ.

ನೇರ ಗೆರೆಯಲ್ಲಿಯೇ ಓಡಿಸಬೇಡಿ. ಅಗಲವಾದ ಎಸ್ ಆಕಾರದಲ್ಲಿ ನಿಧಾನವಾಗಿ ತಿರುಗಿಸುತ್ತಾ ಹೋದರೆ ತಿರುವಿನ ಒಳಗಡೆಯ ಎರೆಗಳ ವೇಗ ತಗ್ಗುತ್ತದೆ; ಸ್ಪೂನ್ ಮತ್ತು ತೂಕದ ದಾರಗಳು ಇಳಿಯುತ್ತವೆ. ಹೊರಗಡೆಯವು ವೇಗ ಪಡೆದು ಏರುತ್ತವೆ. ಒಳಗಡೆಯ ದಾರ ಕಚ್ಚಿಸಿಕೊಂಡರೆ ನಿಧಾನ ಅಥವಾ ಹೆಚ್ಚು ಆಳ ಬೇಕು ಎಂದರ್ಥ. ಹೊರಗಡೆಯದಾದರೆ ವೇಗ ಹೆಚ್ಚಿಸಿ ನೋಡಿ. ಮೀನೇ ಕೊಡುವ ಈ ಉತ್ತರಕ್ಕಿಂತ ಉತ್ತಮ ಸಲಹೆ ಅಂಗಡಿಯಲ್ಲಿ ಸಿಗುವುದಿಲ್ಲ. ಸಿಕ್ಕ ಪ್ರತಿ ಮೀನಿಗೂ ಗಂಟೆ, ದಾರದ ಉದ್ದ, ದಿಕ್ಕು, ವೇಗ, ಉಷ್ಣಾಂಶ ಇವಿಷ್ಟನ್ನು ಪುಸ್ತಕದಲ್ಲಿ ಬರೆದಿಡಿ.

ಹಂತ 7: ಎರೆಯ ಆಯ್ಕೆ

ಇಲ್ಲಿಗೆ ಬಂದ ಮೇಲೆ ಬಣ್ಣದ ಮಾತು. ಬೇಸಿಗೆಯ ಷಿನೂಕ್‌ಗೆ ದೊಡ್ಡ ಸ್ಪೂನ್‌ಗಳು ಮತ್ತು ಫ್ಲ್ಯಾಶರ್ ಎಂಬ ತಿರುಗುವ ಹಲಗೆಯ ಹಿಂದೆ ಕಟ್ಟಿದ ಫ್ಲೈ (ಎಳೆಗಳಿಂದ ಮಾಡಿದ ಹಗುರ ಎರೆ), ಇವೆರಡೂ ಇದ್ದರೆ ಸಾಕು. ಫ್ಲ್ಯಾಶರ್‌ಗೂ ಫ್ಲೈಗೂ ನಡುವಿನ ದಾರ ಸುಮಾರು 18ರಿಂದ 30 ಅಂಗುಲ. ಚಿಕ್ಕದಾದಷ್ಟೂ ಫ್ಲೈ ಚುರುಕಾಗಿ ಕುಣಿಯುತ್ತದೆ. ಬೆಳಕು ಹರಿಯುವ ಮುಂಚೆ ಕತ್ತಲಲ್ಲಿ ಹೊಳೆಯುವ ಲೇಪದವು, ಬಿಸಿಲಿನಲ್ಲಿ ಹಸಿರು, ನೀಲಿ ಮತ್ತು ಬೆಳ್ಳಿ. ವಾಲ್‌ಐಗೆ ಚಿಕ್ಕ ಸ್ಪೂನ್, ಉದ್ದನೆಯ ಕ್ರ್ಯಾಂಕ್‌ಬೇಟ್ (ಮೀನಿನಾಕಾರದ ಗಟ್ಟಿ ಎರೆ), ಅಥವಾ ಎರಡು ಕೊಕ್ಕೆಗಳಿಗೆ ನೆಟ್ಟಗೆ ಪೋಣಿಸಿದ ದಪ್ಪ ಎರೆಹುಳು. ಹುಳು ಸುರುಳಿಯಾಗಿ ಮುದುಡಿದ್ದರೆ ಎಲ್ಲವೂ ತಿರುಚಿಕೊಂಡು ದಾರ ಹಾಳಾಗುತ್ತದೆ. ನೀರಿಗೆ ಬಿಟ್ಟ ಮೇಲೆ ದೋಣಿಯ ಪಕ್ಕದಲ್ಲಿಯೇ ಒಂದು ಕ್ಷಣ ಎಳೆದು, ನೇರವಾಗಿ ಈಜುತ್ತಿದೆಯೇ ಎಂದು ನೋಡಿಯೇ ಹಿಂದಕ್ಕೆ ಬಿಡಬೇಕು.

ಹಂತ 8: ಕಚ್ಚಿದ ಮೇಲೆ

ಎಂಜಿನ್ ನಿಲ್ಲಿಸಬಾರದು. ದೋಣಿ ನಿಂತರೆ ಉಳಿದ ದಾರಗಳೆಲ್ಲ ಕೆಳಗಿಳಿದು ಹೆಣೆದುಕೊಳ್ಳುತ್ತವೆ. ದೊಡ್ಡ ಷಿನೂಕ್ ಮೊದಲ ಓಟದಲ್ಲಿ ನೂರು ಗಜಕ್ಕೂ ಹೆಚ್ಚು ದಾರ ಎಳೆದೊಯ್ಯಬಲ್ಲದು. ರೀಲಿನ ಡ್ರ್ಯಾಗ್ (ದಾರ ಹೊರಹೋಗುವುದನ್ನು ತಡೆಯುವ ಬ್ರೇಕ್) ಸಡಿಲವಾಗಿರಲಿ, ಅದು ಓಡುವಷ್ಟು ಓಡಲಿ. ಕೋಲನ್ನು ಎತ್ತಿಹಿಡಿದು ಒಂದೇ ಸಮನೆ ಸುತ್ತುತ್ತಾ ಬಿಗಿಯನ್ನು ಕಾಪಾಡಿಕೊಳ್ಳಿ. ಇನ್ನೊಬ್ಬರು ಪಕ್ಕದ ಡೌನ್‌ರಿಗ್ಗರ್ ಗುಂಡನ್ನು ಮೇಲೆತ್ತಲಿ.

ವಾಲ್‌ಐ ಇದಕ್ಕೆ ತದ್ವಿರುದ್ಧ. ಚಿಕ್ಕ ಮೀನು ಕಚ್ಚಿದರೆ ಪ್ಲೇನರ್ ಬೋರ್ಡ್ ಮುಳುಗುವುದಿಲ್ಲ. ಪಕ್ಕದ ಬೋರ್ಡ್‌ಗಳ ಸಾಲಿನಿಂದ ಒಂದೆರಡು ಅಡಿ ಹಿಂದೆ ಬಿದ್ದು, ಅಲೆಯಲ್ಲಿ ಕುಣಿಯುವುದನ್ನು ಬಿಟ್ಟು ಸ್ವಲ್ಪ ಮಂಕಾಗಿ ಸಾಗುತ್ತದೆ, ಅಷ್ಟೇ. ಆ ವ್ಯತ್ಯಾಸ ಗುರುತಿಸಲು ಕಣ್ಣು ಪಳಗಬೇಕು. ಅದರ ಬಾಯಿಯಿಂದ ಕೊಕ್ಕೆ ಸುಲಭವಾಗಿ ಕಳಚುವುದರಿಂದ ಜಗ್ಗದೆ ನಿಧಾನವಾಗಿ ತನ್ನಿ. ಬೋರ್ಡ್ ಕೈಗೆ ಸಿಕ್ಕಾಗ ದಾರ ಸಡಿಲವಾಗದಂತೆ ಅದನ್ನು ಬಿಡಿಸಬೇಕು. ಎರಡೂ ಮೀನುಗಳಿಗೆ ಕೈಬಲೆಯನ್ನು ತಲೆಯ ಕಡೆಯಿಂದಲೇ ಒಡ್ಡಬೇಕು; ಬಾಲದ ಕಡೆಯಿಂದ ಒಡ್ಡಿದರೆ ಮೀನು ಬೆದರಿ ಮುಂದಕ್ಕೆ ನುಗ್ಗುತ್ತದೆ.

ಹಂತ 9: ಮೀನಿನ ಮತ್ತು ದೋಣಿಯ ಆರೈಕೆ

ಇಟ್ಟುಕೊಳ್ಳುವ ಸಾಲ್ಮನ್‌ನ ಕಿವಿರನ್ನು ಕೂಡಲೇ ಕತ್ತರಿಸಿ ರಕ್ತ ಹರಿಯಲು ಬಿಟ್ಟು, ಮಂಜುಗಡ್ಡೆಯೊಳಗೆ ಹೂತಿಡಬೇಕು. ಬಿಸಿಲಿನಲ್ಲಿ ಬಕೆಟ್ಟಿನಲ್ಲಿ ಬಿದ್ದ ಮೀನಿನ ಮಾಂಸ ದಡ ಸೇರುವಷ್ಟರಲ್ಲಿ ಮೆತ್ತಗಾಗಿರುತ್ತದೆ. ದೊಡ್ಡ ಸಾಲ್ಮನ್ ಮತ್ತು ಲೇಕ್ ಟ್ರೌಟ್‌ಗಳ ಕೊಬ್ಬಿನಲ್ಲಿ ಪಿಸಿಬಿ ಎಂಬ ಹಳೆಯ ಕೈಗಾರಿಕಾ ರಾಸಾಯನಿಕಗಳು ಸೇರಿರುವುದರಿಂದ ಚರ್ಮವನ್ನೂ ಬೆನ್ನು ಮತ್ತು ಹೊಟ್ಟೆಯ ಕೊಬ್ಬನ್ನೂ ತೆಗೆದು ಬೇಯಿಸಬೇಕು. ತಿಂಗಳಿಗೆ ಎಷ್ಟು ಸಲ ತಿನ್ನಬಹುದು ಎಂಬ ರಾಜ್ಯ ಆರೋಗ್ಯ ಇಲಾಖೆಯ ಸೂಚನೆಯನ್ನು ಗರ್ಭಿಣಿಯರು ಮತ್ತು ಮಕ್ಕಳ ವಿಷಯದಲ್ಲಿ ಕಟ್ಟುನಿಟ್ಟಾಗಿ ಪಾಲಿಸಬೇಕು. ವಾಲ್‌ಐ ಕೊಬ್ಬು ಕಡಿಮೆಯ, ಗಟ್ಟಿಯಾದ ಬಿಳಿ ಮಾಂಸದ ಮೀನು. ಮುಳ್ಳು ತೆಗೆದ ತುಂಡುಗಳಿಗೆ ಬ್ಯಾಡಗಿ ಮೆಣಸಿನ ಮಸಾಲೆ ಹಚ್ಚಿ ರವೆಯಲ್ಲಿ ಹೊರಳಿಸಿ ಕಾವಲಿಯಲ್ಲಿ ಹುರಿದರೆ ಕರಾವಳಿಯವರೂ ಮೆಚ್ಚುತ್ತಾರೆ.

ದೋಣಿಯನ್ನು ನೀರಿನಿಂದ ಎಳೆದ ಸ್ಥಳದಲ್ಲಿಯೇ ಟ್ರೈಲರ್‌ಗೆ ಸುತ್ತಿಕೊಂಡ ಜಲಸಸ್ಯಗಳನ್ನು ಕಿತ್ತುಹಾಕಿ, ದೋಣಿಯ ತಳದಲ್ಲಿಯೂ ಮೀನಿನ ತೊಟ್ಟಿಯಲ್ಲಿಯೂ ಉಳಿದ ನೀರನ್ನು ಪೂರ್ತಿ ಹರಿಸಿ, ದಾರದಲ್ಲಿ ಅಂಟಿಕೊಂಡ ನೀರುಚಿಗಟಗಳನ್ನು ಒರೆಸಿ ತೆಗೆಯಿರಿ. ಒಳನಾಡಿನ ಬೇರೊಂದು ಕೆರೆಗೆ ಅದೇ ದೋಣಿಯನ್ನು ಇಳಿಸುವ ಮುಂಚೆ ದೋಣಿ, ಹಗ್ಗ, ಕೈಬಲೆ, ರೀಲು ಎಲ್ಲವೂ ಕೆಲವು ದಿನ ಬಿಸಿಲಿನಲ್ಲಿ ಚೆನ್ನಾಗಿ ಒಣಗಿರಬೇಕು.